ದೊಡ್ಡ ಡಾಕ್ಟರು ಯಾವಾಗ ಬರ್ತಾರೆ?

ಜಿಲ್ಲಾ ಕೇಂದ್ರದ ಯಾವುದಾದರೂ ದೊಡ್ಡ ಆಸ್ಪತ್ರೆಗೆ ರಾತ್ರಿ ಹನ್ನೊಂದರ ಮೇಲೆ ಹೋದರೆ ಕ್ಯಾಶುಯಾಲ್ಟಿಯ ಬಾಗಿಲಲ್ಲೇ ಈಕೆ ಸಿಗುತ್ತಾರೆ. ಮೂವತ್ತು ದಾಟಿದ ವಯಸ್ಸು, ನೀಲಿ ಸ್ಕ್ರಬ್ಸು, ಕಾಲಲ್ಲಿ ತೊಳೆಯಲು ಸುಲಭವಾದ ರಬ್ಬರ್ ಚಪ್ಪಲಿ, ಜೇಬಿನಲ್ಲಿ ಸಂಜೆಯೇ ಬಿಚ್ಚಿ ಇನ್ನೂ ಮುಗಿಯದ ಬಿಸ್ಕತ್ತಿನ ಪೊಟ್ಟಣ. ಎದೆನೋವೆಂದು ಬಂದವರನ್ನು ಮಲಗಿಸಿ, ಹತ್ತು ನಿಮಿಷದೊಳಗೆ ಇಸಿಜಿ ತೆಗೆಸಿ, ಕೈಗೆ ಸೂಜಿ ಹಾಕಿ, ಔಷಧ ಬರೆದು ತಲೆ ಎತ್ತುವ ಹೊತ್ತಿಗೆ ರೋಗಿಯ ಭಾವಮೈದ ಹತ್ತಿರ ಬಂದು ವಿನಯದಿಂದ ಕೇಳುತ್ತಾನೆ: "ಸಿಸ್ಟರ್, ದೊಡ್ಡ ಡಾಕ್ಟ್ರು ಯಾವಾಗ ಬರ್ತಾರೆ?"

ಈಕೆಯೇ ದೊಡ್ಡ ಡಾಕ್ಟರು. ಐದೂವರೆ ವರ್ಷ ಎಂಬಿಬಿಎಸ್, ಅದರ ಮೇಲೆ ಮೂರು ವರ್ಷ ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಎಂಡಿ. ಇದನ್ನು ಮನೆಯವರಿಗೆ ಅರ್ಥ ಮಾಡಿಸುವುದಕ್ಕೇ ಇನ್ನೆರಡು ವರ್ಷ ಹಿಡಿಯಿತು. ಹುಡುಗಿ ನೋಡಲು ಬಂದವರು "ಏನು ಸ್ಪೆಷಲಿಸ್ಟು?" ಎಂದರು. "ಎಮರ್ಜೆನ್ಸಿ." "ಅದು ಸರೀನಮ್ಮಾ, ದೇಹದ ಯಾವ ಭಾಗಕ್ಕೆ?" ಹೃದಯಕ್ಕೆ ಒಬ್ಬರು, ಮೂಳೆಗೆ ಒಬ್ಬರು, ಮೂತ್ರಪಿಂಡಕ್ಕೆ ಒಬ್ಬರು ಇರುವ ಲೋಕದಲ್ಲಿ ಈಕೆಯ ಹೆಸರಿಗೆ ಒಂದು ಅಂಗವೂ ಬರೆದಿಲ್ಲ. ಮದುವೆಯಾಯಿತು, ಅತ್ತೆಯವರು ನೆರೆಮನೆಯವರಿಗೆ "ಸೊಸೆ ಡಾಕ್ಟ್ರು, ಮುಂದಕ್ಕೆ ಇನ್ನೂ ಓದ್ತಾಳೆ" ಎಂದು ಪರಿಚಯಿಸುತ್ತಾರೆ.

ತಪ್ಪು ಪೂರ್ತಿ ಅತ್ತೆಯದಲ್ಲ. ಈ ಶಾಸ್ತ್ರವೇ ಎಳೆಯದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಮೊದಲ ತರಬೇತಿ ಶುರುವಾದದ್ದು 1970ರಲ್ಲಿ. ಭಾರತೀಯ ವೈದ್ಯಕೀಯ ಪರಿಷತ್ತು ಇದನ್ನು ಪ್ರತ್ಯೇಕ ವಿಭಾಗವೆಂದು ಒಪ್ಪಿದ್ದು 2009ರಲ್ಲಿ. ಅಲ್ಲಿಯವರೆಗೆ ಕ್ಯಾಶುಯಾಲ್ಟಿ ಎಂದರೆ ನಿನ್ನೆ ಮೊನ್ನೆ ಪಾಸಾದ ಹುಡುಗರಿಗೆ ಹಾಕುವ ಡ್ಯೂಟಿ. ರೋಗಿಯ ಬದುಕಿನ ಅತಿ ಕಷ್ಟದ ಅರ್ಧ ಗಂಟೆಯನ್ನು ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಕಡಿಮೆ ಅನುಭವವಿದ್ದವರ ಕೈಗೆ ಕೊಡುತ್ತಿದ್ದೆವು. ಅದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ ಎಂಬುದೇ ವಿಚಿತ್ರ.

ಡಾಕ್ಟರಮ್ಮನ ಮೊದಲ ಜಗಳ ಕ್ಯೂ ವಿಷಯದಲ್ಲಿ. ಇಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ನ್ಯಾಯವಿಲ್ಲ. ಕೆಂಪು, ಹಳದಿ, ಹಸಿರು ಎಂದು ಮೂರು ಗುಂಪು. ಉಸಿರು ಸಿಗದವನು ಕೆಂಪು, ಮೂರು ದಿನದ ಕೆಮ್ಮನ್ನು ರಾತ್ರಿ ಎರಡು ಗಂಟೆಗೆ ಹೊತ್ತು ತಂದವನು ಹಸಿರು. ಗಾಯಾಳುಗಳನ್ನು ಪದವಿ ನೋಡದೆ ಗಾಯ ನೋಡಿ ವಿಂಗಡಿಸುವ ಈ ಪದ್ಧತಿಯನ್ನು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲ್ಯಾರಿ ರೂಢಿಗೆ ತಂದ. ಅವನ ಕೆಲಸ ಸುಲಭವಿತ್ತು. ಯುದ್ಧಭೂಮಿಗೆ ಕಾರ್ಪೊರೇಟರ ಫೋನು ಬರುತ್ತಿರಲಿಲ್ಲ.

ಎರಡನೆಯ ಜಗಳ ಗ್ಲುಕೋಸಿನದು. "ತುಂಬಾ ಸುಸ್ತು ಮೇಡಂ, ಒಂದು ಬಾಟ್ಲು ಏರಿಸ್ಬಿಡಿ." ಅರ್ಧ ಲೀಟರಿನ ಐದು ಪರ್ಸೆಂಟ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲುಕೋಸ್, ರಾಮನವಮಿಯ ದಿನ ಎರಡು ಲೋಟ ಪಾನಕ ಕುಡಿದವರು ಅದನ್ನು ಎಂದೋ ದಾಟಿರುತ್ತಾರೆ. ಅನೇಕ ಸಲ ತೂಗುಹಾಕಿರುವುದು ಗ್ಲುಕೋಸೂ ಅಲ್ಲ, ಸಲೈನು: ನಾಲ್ಕೂವರೆ ಗ್ರಾಂ ಉಪ್ಪು, ಬಾಕಿ ನೀರು. ಆದರೂ ಹನಿ ಬೀಳುವುದನ್ನು ನೋಡುತ್ತಾ ನೋಡುತ್ತಾ ರೋಗಿಗಿಂತ ಮೊದಲು ರೋಗಿಯ ತಾಯಿಗೆ ಚೈತನ್ಯ ಬರುತ್ತದೆ.

ಹಾವು ಕಚ್ಚಿದ ಕೇಸು ಬಂದಾಗ ಮಾತ್ರ ಡಾಕ್ಟರಮ್ಮನ ನಿಜವಾದ ಪರೀಕ್ಷೆ. ರೋಗಿಯ ಜೊತೆ ಊರಿನ ಅರ್ಧ ಜನ ಬರುತ್ತಾರೆ, ಒಮ್ಮೊಮ್ಮೆ ಗೋಣಿಚೀಲದಲ್ಲಿ ಹಾವೂ ಬರುತ್ತದೆ. ಅದು ಸತ್ತಿದೆಯೋ ಇಲ್ಲವೋ ಎಂಬುದರಲ್ಲಿ ತಂದವರಿಗೇ ಒಮ್ಮತವಿಲ್ಲ. ಈಕೆ ಮಾಡುವ ಮೊದಲ ಕೆಲಸಗಳಲ್ಲೊಂದು, ರೋಗಿಯ ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಇಡುವುದು. ಆಮೇಲೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ, ಕಚ್ಚಿದ್ದು ಮಂಡಲದ ಹಾವು, ವಿಷ ಏರಿದೆ ಎಂದು ಲೆಕ್ಕ. ಇಪ್ಪತ್ತು ನಿಮಿಷದ ವೈದ್ಯಶಾಸ್ತ್ರ ಹೊರಗೆ ನಿಂತವರಿಗೆ ಕಾಣುವುದು ಹೀಗೆ: "ಮನುಷ್ಯ ಸಾಯ್ತಾ ಇದಾನೆ, ಡಾಕ್ಟ್ರಮ್ಮ ಸೀಸೆ ಮುಂದೆ ಇಟ್ಕೊಂಡು ಗಡಿಯಾರ ನೋಡ್ತಾ ಇದಾರೆ!" ಅಷ್ಟರೊಳಗೆ ಆಕೆ ನಾಡಿ, ಉಸಿರು, ಕಣ್ಣಿನ ರೆಪ್ಪೆ ಜೋಲುತ್ತಿದೆಯೇ ಎಂಬುದನ್ನೆಲ್ಲ ನೋಡಿ, ಕಾಲಿಗೆ ಬಿಗಿದ ಹಗ್ಗ ಸಡಿಲಿಸುವ ಏರ್ಪಾಡನ್ನೂ ಮಾಡಿರುತ್ತಾರೆ.

ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವುಗಳಿಗೆ ಒಟ್ಟಾಗಿ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆದ್ದರಿಂದ ಚೀಲದೊಳಗಿನ ಸಾಕ್ಷಿಯ ಅಗತ್ಯವಿಲ್ಲ ಎಂದು ಎಷ್ಟು ಹೇಳಿದರೂ ಜನ ಅದನ್ನು ಮೇಜಿನ ಮೇಲೆ ಇಡದೆ ಬಿಡುವುದಿಲ್ಲ. ವಿಷ ಏರಿದ್ದರೆ ಆರಂಭಕ್ಕೇ ಸುಮಾರು ಹತ್ತು ಬಾಟಲಿ. ಐದು ವರ್ಷದ ಮಗುವಿಗೂ ಅಷ್ಟೇ. "ಅಷ್ಟು ಸಣ್ಣ ಕೂಸಿಗೆ ದೊಡ್ಡವರ ಡೋಸಾ?" ಎಂದು ಅಜ್ಜಿ ಹೌಹಾರುತ್ತಾರೆ. "ಹಾವು ವಯಸ್ಸು ಕೇಳಿ ವಿಷ ಬಿಡಲ್ಲ ಅಜ್ಜೀ." ವೈದ್ಯರ ಕೈಪಿಡಿಗಳ ವಿವರಣೆಯೂ ಇಷ್ಟೇ, ಭಾಷೆ ಮಾತ್ರ ಇಷ್ಟು ಚೆನ್ನಾಗಿಲ್ಲ.

ಎಲ್ಲ ರಾತ್ರಿಯೂ ಹೀಗಿರುವುದಿಲ್ಲ. ಮೂಗಿನಲ್ಲಿ ಹುಣಸೆಬೀಜ ಸಿಕ್ಕಿಸಿಕೊಂಡ ಹುಡುಗ ಬಂದರೆ ಇಕ್ಕಳಕ್ಕಿಂತ ಮೊದಲು ಅವನ ತಾಯಿಯನ್ನು ಕರೆಯುತ್ತಾರೆ. ಖಾಲಿ ಇರುವ ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ, ಮಗುವಿನ ಬಾಯಿಗೆ ಬಾಯಿ ಇಟ್ಟು ತಾಯಿ ಒಮ್ಮೆ ಜೋರಾಗಿ ಊದಬೇಕು. ನ್ಯೂಜೆರ್ಸಿಯ ವೈದ್ಯರೊಬ್ಬರು 1965ರಲ್ಲಿ ವರದಿ ಮಾಡಿದ ಉಪಾಯ ಇದು. ಹತ್ತರಲ್ಲಿ ಸುಮಾರು ಆರು ಸಲ ಫಲಿಸುತ್ತದೆ. ಅತ್ತೆ ಮಾವನ ಎದುರು ತಾಯಿ ನಾಚುತ್ತಾಳೆ, ಹುಡುಗ ಕೊಸರಾಡುತ್ತಾನೆ, ಬೀಜ ಹಾರಿ ಡಾಕ್ಟರಮ್ಮನ ಕನ್ನಡಕಕ್ಕೆ ಬಡಿಯುತ್ತದೆ. ಆ ರಾತ್ರಿ ಯಾರೂ ದೊಡ್ಡ ಡಾಕ್ಟರನ್ನು ಕೇಳುವುದಿಲ್ಲ.

ವಿಜ್ಞಾನ ಓದಿದ ಈಕೆಗೆ ಒಂದೇ ಒಂದು ಮೂಢನಂಬಿಕೆ ಉಂಟು. ಡ್ಯೂಟಿಯಲ್ಲಿ ಯಾರೂ "ಇವತ್ತು ಆರಾಮಾಗಿದೆ" ಎನ್ನಕೂಡದು. ಅಂದರೆ ಮುಗಿಯಿತು, ಟೆಂಪೊ ಪಲ್ಟಿಯಾಗಿ ಹದಿನಾಲ್ಕು ಜನ ಬಂದೇ ಬರುತ್ತಾರೆ. ಇಂಗ್ಲೆಂಡಿನ ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ವೈದ್ಯರು ಕೆಲವು ದಿನ ಬೇಕೆಂದೇ ಆ ಮಾತು ಆಡಿ, ಕೆಲವು ದಿನ ಆಡದೆ, ಬಂದ ಕೆಲಸವನ್ನು ಎಣಿಸಿ ನೋಡಿದ್ದಾರೆ. ಮಾತಿಗೂ ಕೆಲಸಕ್ಕೂ ಸಂಬಂಧ ಕಾಣಲಿಲ್ಲವೆಂದು 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವೂ ಆಯಿತು. ಡಾಕ್ಟರಮ್ಮ ಅದನ್ನು ಓದಿ ಒಪ್ಪಿದ್ದಾರೆ. ಮೊನ್ನೆ ಹೌಸ್ ಸರ್ಜನ್ ಹುಡುಗ ಆಕಳಿಸುತ್ತಾ ಆ ಮಾತು ಆಡಿದಾಗ ಅವನನ್ನು ಕ್ಯಾಂಟೀನಿಗೆ ಅಟ್ಟಿ ಎಲ್ಲರಿಗೂ ಕಾಫಿ ತರಿಸಿದರು, ದಂಡ ಅವನದೇ.

ಮನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯವರು ಇರುವ ಓದುಗರಿಗೆ ಈಕೆಯ ಪರವಾಗಿ ಒಂದು ಕೋರಿಕೆ. ಕ್ಯಾಶುಯಾಲ್ಟಿಗೆ ಓಡುವಾಗ ಹನ್ನೊಂದು ಜನ ನೆಂಟರ ಬದಲು ಅವರು ದಿನಾ ನುಂಗುವ ಮಾತ್ರೆಗಳ ಸ್ಟ್ರಿಪ್ಪು, ಹಳೆಯ ಇಸಿಜಿ, ನೋವು ಶುರುವಾದ ಹೊತ್ತು, ಇಷ್ಟನ್ನು ಒಯ್ಯಿರಿ. "ಬೆಳಿಗ್ಗೆ ಒಂದು ಬಿಳಿ ಮಾತ್ರೆ, ಸಣ್ಣದು" ಎಂದು ಹೇಳಿ ಪ್ರಯೋಜನವಿಲ್ಲ. ಮೆಡಿಕಲ್ ಸ್ಟೋರಿನ ಅರ್ಧ ಮಾತ್ರೆ ಬಿಳಿ, ಸಣ್ಣದು.