ಅಡಿಷನಲ್ ಶೀಟಿನ ಮಹಾಕಾವ್ಯ

ಪರೀಕ್ಷೆಯ ಹಾಲಿನಲ್ಲಿ ಪ್ರತಿ ವರ್ಷವೂ ಅಂಥವನೊಬ್ಬ ಇರುತ್ತಾನೆ. ನಾವಿನ್ನೂ ಎರಡನೇ ಪ್ರಶ್ನೆಯ ಎದುರು ಪೆನ್ನು ಕಚ್ಚುತ್ತಾ ಕೂತಿರುವಾಗ ಎದ್ದು ನಿಂತು, ‘ಅಡಿಷನಲ್ ಶೀಟ್ ಸಾರ್’ ಎನ್ನುತ್ತಾನೆ. ಆಮೇಲೆ ಇನ್ನೊಂದು. ಕೊನೆಗೆ ಕಟ್ಟಲು ದಾರ. ಅವನು ಏನು ಬರೆದ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಬರೆದ ಎಂದಷ್ಟೇ ಕೇಳುತ್ತಾರೆ. ಅಮೆರಿಕದ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ಅವರ ‘ಡೋಂಡಾ’ ಆಲ್ಬಮ್ಮನ್ನು ಅಂಥ ಉತ್ತರಪತ್ರಿಕೆಗೆ ಸಲ್ಲಬೇಕಾದ ಗೌರವದೊಂದಿಗೇ ಕೈಗೆತ್ತಿಕೊಳ್ಳಬೇಕು. ನಿರೀಕ್ಷೆಯ ಮಟ್ಟ ಮುಟ್ಟಿತೋ ಇಲ್ಲವೋ ಎಂದು 2021ರಲ್ಲಿ ವಿಮರ್ಶಕರು ತಲೆ ಕೆಡಿಸಿಕೊಂಡರಲ್ಲ, ಅವರು ತಂದ ಅಳತೆಪಟ್ಟಿಯೇ ತಪ್ಪು. ಇದನ್ನು ತಕ್ಕಡಿಯಲ್ಲಿಟ್ಟು ನೋಡಬೇಕಿತ್ತು.

ಮೊದಲು ಕಾಯಿಸಿದ ಸೊಗಸನ್ನು ಹೇಳಬೇಕು. ಆಲ್ಬಮ್ 2020ರ ಜುಲೈ 24ಕ್ಕೆ ಬರುತ್ತದೆ ಎಂದು ಅವರೇ ಸಾರಿದ್ದರು. ಬರಲಿಲ್ಲ. ಆ ವರ್ಷ ಅಧ್ಯಕ್ಷ ಪದವಿಗೂ ಸ್ಪರ್ಧಿಸಿದ್ದರಿಂದ ಪುರುಸೊತ್ತು ಆಗಿರಲಿಕ್ಕಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂದು ನಮ್ಮಲ್ಲಿ ಆಡಿಕೊಳ್ಳುತ್ತಾರೆ. ಕಾನ್ಯೆ ಅವರು ಆ ಕುಲಾವಿಯನ್ನು ಸ್ಟೇಡಿಯಂನಲ್ಲಿ ಪ್ರದರ್ಶನಕ್ಕಿಟ್ಟು ಟಿಕೆಟ್ ಮಾರಿದರು, ಅದೂ ಮೂರು ಸಲ. 2021ರ ಜುಲೈ 22ರಂದು ಅಟ್ಲಾಂಟಾದ ಮರ್ಸಿಡಿಸ್-ಬೆಂಝ್ ಸ್ಟೇಡಿಯಂ ತುಂಬ ಜನ ಸೇರಿದರು. ಗಾಯಕರು ಕೆಂಪು ಜಾಕೆಟ್ಟು, ಕೆಂಪು ಪ್ಯಾಂಟು ತೊಟ್ಟು, ಮುಖಕ್ಕೆ ಮುಸುಕು ಹಾಕಿಕೊಂಡು ಬಂದರು. ಹಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಅವರ ಹಾಡುಗಳನ್ನು ಧ್ವನಿವರ್ಧಕಗಳು ಹಾಡಿದವು, ಅವರು ಅತ್ತಿತ್ತ ಓಡಾಡಿದರು. ಮರುದಿನ ಆಲ್ಬಮ್ ಬರಬೇಕಿತ್ತು, ಬರಲಿಲ್ಲ. ಕಾನ್ಯೆ ಮನೆಗೂ ಹೋಗಲಿಲ್ಲ. ಅದೇ ಸ್ಟೇಡಿಯಂನ ಕಿಟಕಿಯಿಲ್ಲದ ಪುಟ್ಟ ಕೋಣೆಯೊಂದರಲ್ಲಿ ಮಂಚ ಹಾಕಿಕೊಂಡು ತಪಸ್ಸಿಗೆ ಕೂತರು. ಹಿಂದಿನ ಕಾಲದ ತಪಸ್ವಿಗಳಿಗೂ ಇವರಿಗೂ ಇದ್ದ ವ್ಯತ್ಯಾಸ ಒಂದೇ: ಇವರ ತಪಸ್ಸನ್ನು ಆ್ಯಪಲ್ ಮ್ಯೂಸಿಕ್ ನೇರ ಪ್ರಸಾರ ಮಾಡಿತು. ಮಲಗಿದ್ದನ್ನು ಜನ ನೋಡಿದರು, ದಂಡ ಹೊಡೆದದ್ದನ್ನು ನೋಡಿದರು. ಆಗಸ್ಟ್ 5ರ ಎರಡನೇ ಪ್ರದರ್ಶನದ ಕೊನೆಗೆ ಅವರು ಬೆಳಕಿನ ಕಂಬದೊಳಗೆ ತಂತಿಗೆ ತೂಗಿಕೊಂಡು ಛಾವಣಿಯವರೆಗೆ ಏರಿದರು. ಆಲ್ಬಮ್ ಮಾತ್ರ ನೆಲ ಬಿಟ್ಟು ಕದಲಲಿಲ್ಲ.

ಆಗಸ್ಟ್ 26ಕ್ಕೆ ಷಿಕಾಗೋದ ಸೋಲ್ಜರ್ ಫೀಲ್ಡ್. ಅಲ್ಲಿ ತಾವು ಬೆಳೆದ ಮನೆಯನ್ನೇ ಹೋಲುವ ಮನೆ ಕಟ್ಟಿಸಿ, ಮೈಗೆ ಬೆಂಕಿ ಹಚ್ಚಿಸಿಕೊಂಡರು. ಏನೂ ಆಗಲಿಲ್ಲ, ಏರ್ಪಾಡು ಚೆನ್ನಾಗಿತ್ತು. ಮೂರು ದಿನ ಬಿಟ್ಟು, 29ರ ಭಾನುವಾರ, ಆಲ್ಬಮ್ ಬಂದೇಬಿಟ್ಟಿತು. ಯುನಿವರ್ಸಲ್ ಕಂಪನಿ ತಮ್ಮ ಒಪ್ಪಿಗೆಯಿಲ್ಲದೆ ಅದನ್ನು ಹೊರಬಿಟ್ಟಿದೆ ಎಂದು ಅವರು ತಕ್ಷಣ ದೂರಿದರು. ಒಂದು ವರ್ಷ ಕಾದ ಅಭಿಮಾನಿಗೆ ಅದು ಆತುರದ ಕೆಲಸ ಎಂದು ಆಗಲೇ ಗೊತ್ತಾದದ್ದು.

ಮುಖಪುಟ ಅಪ್ಪಟ ಕಪ್ಪು, ಅಕ್ಷರವಿಲ್ಲ, ಚಿತ್ರವಿಲ್ಲ. ಕರೆಂಟು ಹೋದಾಗ ನಮ್ಮ ಮನೆಯೊಳಗೂ ಅದೇ ಕಲೆ ಪ್ರದರ್ಶನಕ್ಕಿರುತ್ತದೆ, ನಾವದನ್ನು ಕಲೆ ಎಂದು ಗುರುತಿಸಿರಲಿಲ್ಲ ಅಷ್ಟೆ.

ಒಳಗೆ 27 ಹಾಡು, ಒಟ್ಟು 108 ನಿಮಿಷ. ಈ 108ರ ಮುಂದೆ ಕೈ ಮುಗಿಯದಿರಲು ನನ್ನಿಂದಾಗಲಿಲ್ಲ. 2007ರಲ್ಲಿ ತೀರಿಕೊಂಡ ತಾಯಿ ಡೋಂಡಾ ವೆಸ್ಟ್ ಅವರ ಹೆಸರನ್ನು ಹೊತ್ತ ಆಲ್ಬಮ್ ಇದು, ಗೊತ್ತಿಲ್ಲದೆಯೇ ಅಷ್ಟೋತ್ತರವಾಗಿದೆ! ಮೊದಲ ಹಾಡಂತೂ ನೇರ ನಾಮಸ್ಮರಣೆ. ಗಾಯಕಿ ಸಿಲೀನಾ ಜಾನ್ಸನ್ 52 ಸೆಕೆಂಡುಗಳ ಕಾಲ ‘ಡೋಂಡಾ’ ಎಂಬ ಒಂದೇ ಪದವನ್ನು ಏರಿಸಿ ಇಳಿಸಿ ಉಚ್ಚರಿಸುತ್ತಾರೆ. ರಾಮಕೋಟಿ ಬರೆಯುವ ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ ‘ಪರವಾಗಿಲ್ಲ ಹುಡುಗಿ’ ಎಂದು ತಲೆದೂಗಿ, ಪುಟ ತಿರುವಿ ಬರೆಯುವುದನ್ನು ಮುಂದುವರಿಸುತ್ತಿದ್ದರು. ತಾಯಿಯ ಹೆಸರಿಗೆ ಮರ್ಯಾದೆ ಕೊಟ್ಟು ಬೈಗುಳಗಳನ್ನೆಲ್ಲ ಅಳಿಸಲಾಗಿದೆ. ಅಳಿಸಿದ ಜಾಗದಲ್ಲಿ ಮೌನವಿದೆ. ಅತಿಥಿಗಳು ಹುರುಪಿನಿಂದ ಬಂದು ಹಾಡುವ ಕಡೆ ಆ ಮೌನ ಎಷ್ಟು ಸಲ ಬರುತ್ತದೆಂದರೆ, ಕೆಲವು ಸಾಲುಗಳು ಬಿಟ್ಟ ಸ್ಥಳ ತುಂಬಿರಿ ಪ್ರಶ್ನೆಗಳ ಹಾಗೆ ಕೇಳುತ್ತವೆ. ಸರಿಯುತ್ತರ ಎಲ್ಲರಿಗೂ ಗೊತ್ತಿರುತ್ತದೆ.

ಕೊನೆಯ ನಾಲ್ಕು ಹಾಡುಗಳು ಈಗಾಗಲೇ ಕೇಳಿದ ನಾಲ್ಕು ಹಾಡುಗಳೇ, ‘ಭಾಗ 2’ ಎಂಬ ಹೆಸರಿನಲ್ಲಿ. ಮಧ್ಯಾಹ್ನದ ಸಾರಿಗೆ ರಾತ್ರಿ ಇನ್ನೊಂದು ಒಗ್ಗರಣೆ ಹಾಕಿ ಬಡಿಸಿದರೆ ಸೋಮಾರಿತನ ಎನ್ನುವ ಮನೆಗಳಿವೆ. ಅದನ್ನೇ ವೈಭವ ಎಂದು ತಿಳಿಯುವ ದೃಷ್ಟಿ ಬರಬೇಕು. ‘ಜೀಸಸ್ ಲಾರ್ಡ್’ ಮೊದಲ ಸಲ ಸುಮಾರು ಒಂಬತ್ತು ನಿಮಿಷ. ಎರಡನೇ ಸಲ ಹನ್ನೊಂದು ದಾಟುತ್ತದೆ. ದೇವರ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು.

ನಿಷ್ಪಕ್ಷಪಾತಿಯಾಗಿ ದೋಷಗಳನ್ನೂ ಹೇಳಬೇಕಲ್ಲ. ಇಂಥ ಸಂಗ್ರಹದೊಳಗೆ ಒಳ್ಳೆಯ ಹಾಡುಗಳೂ ನುಸುಳಿಬಿಟ್ಟಿವೆ. ‘ಹರಿಕೇನ್’ನಲ್ಲಿ ಗಾಯಕ ದಿ ವೀಕೆಂಡ್ ದನಿ ಎತ್ತಿದ ಕೂಡಲೇ ಕೇಳುಗ ನೆಟ್ಟಗೆ ಕೂರುತ್ತಾನೆ. ‘ಮೂನ್’ ಅಷ್ಟು ಚಿಕ್ಕದಾಗಿ, ಅಷ್ಟು ಹಗುರವಾಗಿ ತೇಲಿಹೋಗುವುದು ಸಂಗ್ರಹದ ಶಿಸ್ತಿಗೇ ಧಕ್ಕೆ. ‘ಕಮ್ ಟು ಲೈಫ್’ನ ಪಿಯಾನೊ ಬಂದಾಗ ಮನುಷ್ಯನೊಬ್ಬ ನಿಜಕ್ಕೂ ಅಳುತ್ತಿದ್ದಾನೆ ಅನ್ನಿಸಿಬಿಡುತ್ತದೆ. ಅದೃಷ್ಟಕ್ಕೆ ಅಷ್ಟರಲ್ಲಿ ನಾವು ಇಪ್ಪತ್ತಕ್ಕೂ ಹೆಚ್ಚು ಹಾಡು ದಾಟಿ ದಣಿದಿರುವುದರಿಂದ ಅದರ ಪರಿಣಾಮ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಡೋಂಡಾ ವೆಸ್ಟ್ ಇಂಗ್ಲಿಷ್ ಪ್ರಾಧ್ಯಾಪಕಿ. ಷಿಕಾಗೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾಗಿದ್ದವರು. ಕೆಂಪು ಪೆನ್ನು ಹಿಡಿದು ಸಾವಿರಾರು ಪ್ರಬಂಧಗಳ ಕೊಬ್ಬು ಇಳಿಸಿದ ಕೈ ಅದು ಎಂದುಕೊಳ್ಳಬಹುದು. ಅಂಥ ತಾಯಿಯ ಮಗ 2004ರಲ್ಲಿ ತನ್ನ ಮೊದಲ ಆಲ್ಬಮ್ಮಿಗೆ ‘ದಿ ಕಾಲೇಜ್ ಡ್ರಾಪ್‌ಔಟ್’ ಎಂದು ಹೆಸರಿಟ್ಟ, ಆಕೆ ನಕ್ಕಿರಬೇಕು. ಆದರೆ ಕೆಂಪು ಪೆನ್ನಿನ ಬೆಲೆ ಮಗನಿಗೂ ಗೊತ್ತಿತ್ತು. 2013ರ ‘ಯೀಝಸ್’ ಬಿಡುಗಡೆಗೆ ಕೆಲವೇ ವಾರ ಉಳಿದಿದ್ದಾಗ ಗಂಟೆಗಟ್ಟಲೆ ಧ್ವನಿಮುದ್ರಿಕೆ ಹೊತ್ತುಕೊಂಡು ನಿರ್ಮಾಪಕ ರಿಕ್ ರೂಬಿನ್ ಬಳಿ ಹೋದರು. ಆತ ಕತ್ತರಿಸುತ್ತಾ ಹೋದ. ಉಳಿದದ್ದು 10 ಹಾಡು, 40 ನಿಮಿಷ. ಇಂದಿಗೂ ಜನ ಅದರ ಬಗ್ಗೆ ಜಗಳವಾಡುತ್ತಾರೆ, ಪೂರ್ತಿ ಕೇಳಿಯೇ ಜಗಳವಾಡುತ್ತಾರೆ. ಅದು ನಷ್ಟದ ವ್ಯವಹಾರ.

ಹೇಗೆಂದರೆ, ಬಿಲ್‌ಬೋರ್ಡ್ ಪಟ್ಟಿಯ ಆಗಿನ ಲೆಕ್ಕದಲ್ಲಿ ಹಣ ಕೊಟ್ಟ ಚಂದಾದಾರರು 1,250 ಸಲ ಹಾಡು ಕೇಳಿದರೆ ಒಂದು ಆಲ್ಬಮ್ ಮಾರಿದಂತೆ. ಹತ್ತು ಹಾಡಿನ ಆಲ್ಬಮ್ಮನ್ನು ಅಷ್ಟಕ್ಕಾಗಿ 125 ಬಾರಿ ಕೇಳಬೇಕಿತ್ತು. 27 ಹಾಡು ತುಂಬಿದರೆ 47 ಬಾರಿ ಸಾಕಿತ್ತು. ಮಾರ್ಕ್ಸನ್ನು ತೂಕ ನೋಡಿ ಹಾಕುವ ಮೌಲ್ಯಮಾಪಕರು ಅಮೆರಿಕದಲ್ಲೂ ಇದ್ದಾರೆ ಎಂದು ತಿಳಿದ ಮೇಲೆ ಜಾಣ ವಿದ್ಯಾರ್ಥಿ ಇನ್ನೇನು ಮಾಡಬೇಕು? ‘ಡೋಂಡಾ’ ಮೊದಲ ವಾರವೇ ಒಂದನೇ ಸ್ಥಾನಕ್ಕೆ ಬಂತು. ಎದುರಾಳಿ ಡ್ರೇಕ್ ಐದೇ ದಿನ ಬಿಟ್ಟು 21 ಹಾಡುಗಳ ಆಲ್ಬಮ್ ತಂದರು. ಆತನೂ ಅದೇ ಟ್ಯೂಷನ್ ಎಂದು ಕಾಣುತ್ತದೆ. ಮುಂದಿನ ವರ್ಷ ‘ಡೋಂಡಾ’ಗೆ ಎರಡು ಗ್ರ್ಯಾಮಿ ಬಂದವು, ‘ಜೈಲ್’ಗೊಂದು, ‘ಹರಿಕೇನ್’ಗೊಂದು. ನಾನು ದೋಷವೆಂದ ಹಾಡಿಗೇ ಬಹುಮಾನ! ತೀರ್ಪುಗಾರರ ಜತೆ ನನ್ನ ಅಭಿರುಚಿ ಎಂದೂ ಹೊಂದಿದ್ದಿಲ್ಲ.

ಇಷ್ಟಕ್ಕೂ ಉತ್ತರಪತ್ರಿಕೆ ಒಪ್ಪಿಸಿಯಾಗಿರಲಿಲ್ಲ. ನವೆಂಬರಿನಲ್ಲಿ ಡಿಲಕ್ಸ್ ಆವೃತ್ತಿ ಬಂತು, ಇನ್ನೂ ಐದು ಹಾಡು, ಒಟ್ಟು 32. ಗಂಟೆ ಹೊಡೆದ ಮೇಲೂ ಅಡಿಷನಲ್ ಶೀಟು ಸಿಗುವ ಕೇಂದ್ರಗಳುಂಟು. 2022ರ ಫೆಬ್ರುವರಿಯಲ್ಲಿ ‘ಡೋಂಡಾ 2’ ಸಿದ್ಧವೆಂದರು. ಅದು ಯಾವ ಆ್ಯಪ್‌ನಲ್ಲೂ ಇರಲಿಲ್ಲ. ಸ್ಟೆಮ್ ಪ್ಲೇಯರ್ ಎಂಬ ಅಂಗೈಯಗಲದ ದುಂಡನೆಯ ಯಂತ್ರ ಕೊಂಡವರಿಗೆ ಮಾತ್ರ. ಹಾಡಿನೊಳಗಿನ ದನಿ, ಡ್ರಮ್ಮು, ಬೇಸುಗಳನ್ನು ಬಿಡಿಬಿಡಿಯಾಗಿಸುವುದು ಆ ಯಂತ್ರದ ವಿಶೇಷ. ಬೇಡವಾದದ್ದನ್ನು ಬೆರಳಿನಿಂದ ಸವರಿ ತಗ್ಗಿಸಬಹುದು, ಗಾಯಕರ ದನಿಯನ್ನೂ. ಕೆಂಪು ಪೆನ್ನು ಕೊನೆಗೂ ಸಿಕ್ಕಿತು, ಕೇಳುಗನ ಕೈಗೆ. ಆಗಿನ ಬೆಲೆ 200 ಡಾಲರ್.