ಪುರವಣಿ ಪ್ರಕರಣ

ನನ್ನ ಕಣ್ಣು ಬಿದ್ದ ಧಾರಾವಾಹಿ ಉದ್ಧಾರವಾದ ಉದಾಹರಣೆ ಇಲ್ಲ. ‘ಅಲಾಸ್ಕಾ ಡೈಲಿ’ಯ ಹಣೆಬರಹವೂ ಅದೇ. 2022ರ ಅಕ್ಟೋಬರಿನಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾಗಿ, ಮುಂದಿನ ಮಾರ್ಚ್ ಕಳೆಯುವಷ್ಟರಲ್ಲಿ 11 ಕಂತಿಗೇ ಕಣ್ಣು ಮುಚ್ಚಿತು. ನ್ಯೂಯಾರ್ಕಿನಲ್ಲಿ ಕೆಲಸ ಕಳೆದುಕೊಂಡ ವರದಿಗಾರ್ತಿ ಐಲೀನ್, ಆಂಕರೇಜ್ ಊರಿನ ಬಡಕಲು ಪತ್ರಿಕೆಗೆ ಬಂದು ಸೇರುವ ಕಥೆ. ಕಚೇರಿ ಇರುವುದು ಅಂಗಡಿ ಸಾಲಿನ ಒಂದು ಮಳಿಗೆಯಲ್ಲಿ. ಐಲೀನ್ ಆಗಿ ಹಿಲರಿ ಸ್ವ್ಯಾಂಕ್, ಯಾರ ಮುಲಾಜೂ ಇಲ್ಲದೆ ಕಂಡವರ ಬಾಗಿಲು ತಟ್ಟುತ್ತಾಳೆ. ಅದು ನನ್ನ ತಲೆಗೇರಿತು.

ನಮ್ಮ ಮನೆಗೆ ಬರುವ ಭಾನುವಾರದ ಪತ್ರಿಕೆಯಿಂದ ಪುರವಣಿ ಮಾಯವಾಗುತ್ತಿತ್ತು. ಸರಿ, ಯಜಮಾನರ ಮಫ್ಲರ್ ಕುತ್ತಿಗೆಗೆ ಸುತ್ತಿಕೊಂಡು ಬೆಳಗಿನ ಜಾವವೇ ತನಿಖೆಗೆ ಇಳಿದೆ. ಬೆಂಗಳೂರಿನ ಏಪ್ರಿಲ್, ಮೆಟ್ಟಿಲಿಳಿಯುವಷ್ಟರಲ್ಲಿ ಬೆವರು. ವಾಚ್‌ಮನ್ನಿನ ಮೂಗಿನ ಕೆಳಗೆ ಫೋನ್ ಹಿಡಿದು, “ಆನ್ ದಿ ರೆಕಾರ್ಡಾ, ಆಫ್ ದಿ ರೆಕಾರ್ಡಾ?” ಅಂದೆ.

“ಆಫ್ ಮಾಡ್ಬಿಟ್ಟೆ ಕಣಮ್ಮಾ, ಟ್ಯಾಂಕ್ ತುಂಬೋಯ್ತು.”

“ಮೋಟರ್ ಅಲ್ಲಪ್ಪಾ! ಪೇಪರ್ ಹುಡುಗ ಬಂದಾಗ ನೀನೆಲ್ಲಿದ್ದೆ?”

“ಹಲ್ಲುಜ್ತಿದ್ದೆ.”

“ಏನಾದರೂ ಕಂಡೆಯಾ?”

“ಮುಖ ತೊಳೀತಿದ್ನಲ್ಲಮ್ಮಾ, ಕಣ್ಣು ಮುಚ್ಚಿತ್ತು.”

ಒಬ್ಬನ ಮಾತು ನಂಬಿ ಬರೆಯುವಂತಿಲ್ಲ. ಹಾಲಿನವನನ್ನು ವಿಚಾರಿಸಿದೆ, ಅವನು ಹಳೇ ಬಾಕಿ ಕೇಳಿದ. ಕೊನೆಗೆ ನಮ್ಮ ಮಹಡಿಯ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಮೊಣಕಾಲು ಲಟಕ್ಕೆಂದಿತು. ಆಗ ಎದುರುಮನೆಯ ನಿವೃತ್ತ ಮೇಷ್ಟ್ರು, ಬನಿಯನ್ನು ಪಂಚೆಯಲ್ಲಿ, ಸದ್ದಿಲ್ಲದೆ ಬಂದರು. ನಮ್ಮ ಹೊಸಿಲಿನ ಪತ್ರಿಕೆಯನ್ನೆತ್ತಿ, ಎರಡೇ ಬೆರಳು ತೂರಿಸಿ, ಮಡಿಕೆ ಕೆಡದಂತೆ ಪುರವಣಿ ಎಳೆದು, ಉಳಿದದ್ದನ್ನು ಅಂಗೈಯಿಂದ ನೀವಿ, ಇದ್ದಲ್ಲೇ ಇಟ್ಟರು. ಏನು ನಯ! ತಡಬಡಿಸಿ ಎದ್ದು ಫೋನ್ ಚಾಚಿದೆ: “ಸಾರ್, ಇದಕ್ಕೆ ನಿಮ್ಮ ಪ್ರತಿಕ್ರಿಯೆ?”

“ಅಯ್ಯೋ, ಸರಿಯಾದ ಹೊತ್ತಿಗೆ ಸಿಕ್ಕಿದಿರಿ. ಹೋದ ವಾರದ ಪದಬಂಧ, ರಾವಣನ ಮಾವ, ನಾಲ್ಕಕ್ಷರ. ಹೊಳೀತಾನೇ ಇಲ್ಲ.”

ಐಲೀನ್ ಆಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ನಾನು “ಮಯಾಸುರ” ಅಂದುಬಿಟ್ಟೆ. ಕಾಫಿಯೂ ಕುಡಿದೆ.

ಐಲೀನ್ ಮತ್ತು ಅವಳ ಜೊತೆಗಾತಿ ರೋಜ್ ಬೆನ್ನು ಹತ್ತಿದ್ದು ಮೂಲನಿವಾಸಿ ಹೆಣ್ಣುಮಗಳೊಬ್ಬಳ ಸಾವಿನ ಸತ್ಯವನ್ನು. ಅದೇನೂ ಗಾಳಿಯಲ್ಲಿ ಹುಟ್ಟಿದ ಕಥೆಯಲ್ಲ. ಅಲಾಸ್ಕಾದ ಹಳ್ಳಿಗಳಲ್ಲಿ ಮೂರರಲ್ಲೊಂದಕ್ಕೆ ಪೊಲೀಸರ ರಕ್ಷಣೆಯೇ ಇಲ್ಲವೆಂದು ‘ಆಂಕರೇಜ್ ಡೈಲಿ ನ್ಯೂಸ್’, ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ಜೊತೆಗೂಡಿ ಬಯಲಿಗೆಳೆದಿತ್ತು. 2020ರಲ್ಲಿ ಅದಕ್ಕೆ ಪುಲಿಟ್ಜರ್ ಬಂತು. ರಸ್ತೆಯಿಲ್ಲದ ಊರುಗಳವು. ರಾತ್ರಿ ಹೆಂಗಸೊಬ್ಬಳು ಕೂಗಿಕೊಂಡರೆ ಪೊಲೀಸರು ವಿಮಾನದಲ್ಲಿ ಬರಬೇಕು, ಅದೂ ಹವೆ ಚೆನ್ನಾಗಿದ್ದರೆ. ಇಂಥದ್ದಕ್ಕೆ 11 ಕಂತು ಸಾಕಂತೆ! ನಮ್ಮಲ್ಲಿ ಅತ್ತೆ ವಿಷ ಬೆರೆಸಿದ ಹಾಲಿನ ಲೋಟ ಸೊಸೆಯ ತುಟಿ ತಲುಪುವುದಕ್ಕೇ ಒಂದು ವಾರ ಬೇಕು, ಜೊತೆಗೆ ಮೂರು ದಿಕ್ಕಿನಿಂದ ಸಿಡಿಲು. ಯಾವ ವಾಹಿನಿಯೂ ನಿಲ್ಲಿಸುವುದಿಲ್ಲ.

ಎರಡನೇ ಸೀಸನ್ ಬಂದಿದ್ದರೆ, ಲಿಫ್ಟ್ ರಿಪೇರಿಗೆಂದು ತಿಂಗಳು ತಿಂಗಳು ಎತ್ತುವ ದುಡ್ಡು ಎಲ್ಲಿ ಹೋಗುತ್ತದೆಂಬುದಕ್ಕೆ ಕೈ ಹಾಕುವವಳಿದ್ದೆ. ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ಪುಣ್ಯವಂತರು.