ಸೊನ್ನೆ ಬಿಲ್ಲಿನ ಸಂಸಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಜನ ದುಂದುಗಾರರು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ನಮ್ಮಷ್ಟು ಕರೆಂಟು ಉಳಿಸುವವರು ಇನ್ನೆಲ್ಲಿದ್ದಾರೆ? ನೆಂಟರು ಬಂದರೆ ಮಾತ್ರ ಪಡಸಾಲೆಯ ಟ್ಯೂಬ್‌ಲೈಟು ಹೊತ್ತಿಕೊಳ್ಳುತ್ತದೆ. ಅವರು ಎದ್ದು ಚಪ್ಪಲಿ ಮೆಟ್ಟಿ ಇನ್ನೂ ಗೇಟು ದಾಟಿರುವುದಿಲ್ಲ, ಹಿಂದಿನಿಂದ ಟಕ್ ಅಂತ ಸ್ವಿಚ್ಚಿನ ಸದ್ದು ಕೇಳುತ್ತದೆ. ಪಾಪ, ಅವರು ಕತ್ತಲಲ್ಲಿ ಕಟ್ಟೆ ಎಡವಿಕೊಂಡು ಹೋಗುತ್ತಾರೆ. ರಾತ್ರಿ ಹತ್ತಾಯಿತೆಂದರೆ ಫ್ರಿಜ್ಜಿನ ಪ್ಲಗ್ಗು ಕೀಳುವ ಯಜಮಾನರೂ ಉಂಟು. "ಮನುಷ್ಯರೇ ಮಲಗ್ತಾರೆ, ಇದಕ್ಕೇನು ದಾಡಿ, ರಾತ್ರಿಯೆಲ್ಲ ಗುರ್ ಅನ್ನಾಕೆ?" ಬೆಳಿಗ್ಗೆ ಹಾಲು ಒಡೆದಿದ್ದರೆ ತಪ್ಪು ಹಾಲಿನವನದು.

ಒಂದು ತೊಡಕು ಮಾತ್ರ ಇದೆ. ನಾವು ಆರಿಸುವುದು ಕಣ್ಣಿಗೆ ಕಂಡದ್ದನ್ನಷ್ಟೇ. ಬಲ್ಬು ಬೆಳಗುತ್ತದೆ, ಕಾಣುತ್ತದೆ, ಬೈಸಿಕೊಳ್ಳುತ್ತದೆ. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೊಂದು 40 ವಾಟ್‌ನ ಬಲ್ಬು ಬಂದ ಕಾಲದಲ್ಲಿ ಕರೆಂಟ್ ಅಂದರೆ ಬಲ್ಬೇ ಆಗಿತ್ತು. ಅದನ್ನು ಆರಿಸಿದರೆ ಇಡೀ ಮನೆಯ ಲೆಕ್ಕ ಮುಗಿಯುತ್ತಿತ್ತು. ಈಗಿನ ಎಲ್‌ಇಡಿ ಬಲ್ಬು 9 ವಾಟ್‌ನದು. ಸಾವಿರ ವಾಟ್ ಒಂದು ತಾಸು ಉರಿದರೆ ಒಂದು ಯೂನಿಟ್ ಎಂಬ ಲೆಕ್ಕದಲ್ಲಿ ಈ ಬಲ್ಬು ಒಂದು ಯೂನಿಟ್ ತಿನ್ನಬೇಕಾದರೆ ಹಗಲೂ ರಾತ್ರಿ ನಾಲ್ಕೂವರೆ ದಿನ ಉರಿಯಬೇಕು. ಅದೇ ಬಚ್ಚಲುಮನೆಯ ಎರಡು ಸಾವಿರ ವಾಟ್‌ನ ಗೀಸರು ಅರ್ಧ ತಾಸಿನಲ್ಲಿ ಒಂದು ಯೂನಿಟ್ ನುಂಗಿ ಸುಮ್ಮನೆ ಕೂತಿರುತ್ತದೆ. ಅದಕ್ಕಿರುವುದು ಒಂದು ಸಾಸಿವೆ ಕಾಳಿನಷ್ಟು ಕೆಂಪು ದೀಪ. ಅಳಿಯ ಸ್ನಾನಕ್ಕೆ ಇಳಿದು ಮುಕ್ಕಾಲು ತಾಸಾದರೂ ಹೊರಗೆ ಬರದಿದ್ದರೆ ಅತ್ತೆ ಬಾಗಿಲು ಬಡಿಯುವ ಹಾಗಿಲ್ಲ. ಆ ಸಿಟ್ಟಿಗೆ ಅಡುಗೆಮನೆಯ ಬಲ್ಬು ಆರಿಸಿ ಕತ್ತಲಲ್ಲಿ ರೊಟ್ಟಿ ಬಡಿಯುತ್ತಾಳೆ.

ಟಿವಿಯದೂ ಇದೇ ಕತೆ. ರಿಮೋಟಿನಿಂದ ಆರಿಸಿ "ಆಫ್ ಮಾಡೀನಿ" ಅನ್ನುತ್ತೇವೆ, ಕೆಳಗೆ ಸೆಟ್‌ಟಾಪ್ ಬಾಕ್ಸು ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಹತ್ತು ವಾಟ್‌ನಂತೆ ಹಿಡಿದರೂ ತಿಂಗಳಿಗೆ ಏಳು ಯೂನಿಟ್. ಮದುವೆಯಲ್ಲಿ ಬಳುವಳಿ ಬಂದ ಹಳೆಯ ಸೀಲಿಂಗ್ ಫ್ಯಾನು 75 ವಾಟ್ ಎಳೆಯುತ್ತದೆ, ಈಗ ಬರುವ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ ಹದಿನಾರು ಯೂನಿಟ್ ವ್ಯತ್ಯಾಸ. ಬದಲಾಯಿಸಿ ಅಂದರೆ, "ಗಟ್ಟಿ ಮಾಲು ಕಣ್ರೀ ಅದು, ಇಪ್ಪತ್ತೈದು ವರ್ಷದಿಂದ ರಿಪೇರಿನೇ ಇಲ್ಲ" ಅಂತ ಉತ್ತರ. ಅದು ಅಷ್ಟೂ ವರ್ಷ ಮನೆಯವರನ್ನು ರಿಪೇರಿ ಮಾಡಿದ್ದು ಗೊತ್ತೇ ಆಗಿಲ್ಲ.

ಇಂಥ ಶಿಸ್ತಿನ ಸಂಸಾರದೊಳಗೆ 2023ರ ಜುಲೈನಲ್ಲಿ ಸರ್ಕಾರದ ಗೃಹಜ್ಯೋತಿ ಯೋಜನೆ ಕಾಲಿಟ್ಟಿತು. ಇನ್ನೂರು ಯೂನಿಟ್ ಪುಕ್ಕಟೆ ಎಂಬ ಸುದ್ದಿ ಕೇಳಿ ಊರೆಲ್ಲ ಇನ್ನೂರು ತಮಗೇ ಬಂತು ಎಂದುಕೊಂಡಿತು. ಆದರೆ ಸರ್ಕಾರ ಕೊಟ್ಟದ್ದು 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದಿರೋ ಅಷ್ಟು, ಮೇಲೆ ಶೇಕಡಾ 10 ಕೊಸರು. ಇದರಿಂದ ಏನಾಯಿತು ನೋಡಿ. ಗೀಸರು, ಹೀಟರು, ಮಿಕ್ಸರು, ಎರಡೆರಡು ಟಿವಿ ಇಟ್ಟುಕೊಂಡು 180 ಯೂನಿಟ್ ಸುಡುತ್ತಿದ್ದ ಮನೆಗೆ 198 ಯೂನಿಟ್ ಬಿಟ್ಟಿ. ಹಲ್ಲು ಕಚ್ಚಿಕೊಂಡು, ಮಕ್ಕಳ ಕೈಲಿ ಬೀದಿದೀಪದ ಕೆಳಗೆ ಮಗ್ಗಿ ಹೇಳಿಸಿ 40ಕ್ಕೆ ನಿಲ್ಲಿಸಿದ್ದ ಮನೆಗೆ 44. ಪಕ್ಕದ ಮನೆಯವರು ದುಂದು ಮಾಡುವಾಗ ನಾವು ನಗುತ್ತಿದ್ದೆವು, ಅವರು ಅಸಲಿಗೆ ಮುಂಗಡ ಕಟ್ಟುತ್ತಿದ್ದರು! ಜಿಪುಣರ ಸಂಕಟ ಸರ್ಕಾರಕ್ಕೂ ತಟ್ಟಿರಬೇಕು. 2024ರ ಜನವರಿಯಲ್ಲಿ ನಿಯಮ ತಿದ್ದಿ, ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡಾ 10ರ ಬದಲು ಹತ್ತು ಯೂನಿಟ್ ಸೇರಿಸಿತು. ನಲವತ್ತರ ಮನೆಗೆ ಐವತ್ತಾಯಿತು. ಜೀವಮಾನವೆಲ್ಲ ಸ್ವಿಚ್ ಆರಿಸಿದ್ದಕ್ಕೆ ಇನಾಮು ಆರು ಯೂನಿಟ್.

ಈಗ ನಮ್ಮ ಕಡೆ ಯಾರೂ ಕರೆಂಟು ಉಳಿಸುವುದಿಲ್ಲ, ಗೆರೆ ಕಾಯುತ್ತಾರೆ. ನಿಮ್ಮ ಪಾಲು ಮೀರಿದರೆ ಮೀರಿದಷ್ಟಕ್ಕೆ ಕಟ್ಟಬೇಕು. 200 ದಾಟಿದಿರೋ, ಪೂರ್ತಿ ಬಿಲ್ಲೂ ನಿಮ್ಮದೇ. ಯೂನಿಟ್‌ಗೆ ಹೆಚ್ಚುಕಡಿಮೆ ಆರು ರೂಪಾಯಿ, ಮೇಲೆ ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕ, ತೆರಿಗೆ ಎಲ್ಲ ಕೂಡಿ ಸಾವಿರದ ಇನ್ನೂರರ ಮೇಲೆ ಹೋಗುತ್ತದೆ. ಹೊನ್ನಾಳಿ ಹೊಡೆತ ಅಂತ ನಮ್ಮ ಕಡೆ ಒಂದು ಮಾತಿದೆ, ರಾಜಕೀಯದವರು ಬಹಳ ಬಳಸಿ ಸವೆಸಿದ್ದು. ಅದರ ಸರಿಯಾದ ಅರ್ಥ ಬೇಕಿದ್ದರೆ 201ನೇ ಯೂನಿಟ್ ಬಿದ್ದ ಮನೆಯ ಯಜಮಾನನ ಮುಖ ನೋಡಬೇಕು. ಮೀಟರ್ ಓದುವ ದಿನ ಹತ್ತಿರ ಬಂದ ಹಾಗೆ ಹೆಂಗಸರು ಮೊಬೈಲ್ ಟಾರ್ಚು ಹಿಡಿದು ಮೀಟರಿನ ಮುಂದೆ ನಿಲ್ಲುತ್ತಾರೆ. "ರೀ, ನೂರ ತೊಂಬತ್ತೆರಡಾಗೈತಿ. ಇಸ್ತ್ರಿ ನಾಡಿದ್ದು ಮಾಡಾಣ." ಗಂಡ ಎರಡು ದಿನ ಮುದುರಿದ ಅಂಗಿಯಲ್ಲೇ ಆಫೀಸಿಗೆ. ಅದೇ ಆಫೀಸಿನಲ್ಲಿ, ಖಾಲಿ ಕುರ್ಚಿಗಳ ಮೇಲೆ, ನಾಲ್ಕು ಫ್ಯಾನು ತಿರುಗುತ್ತಿರುತ್ತವೆ ಎಂಬುದು ಬೇರೆ ಮಾತು.

ನ್ಯಾಮತಿಯವರು ಜಾಣರು. ಹೊನ್ನಾಳಿಯಿಂದ ತಾಲ್ಲೂಕನ್ನೇ ಬೇರೆ ಮಾಡಿಸಿಕೊಂಡವರಿಗೆ ಮೀಟರು ಬೇರೆ ಮಾಡಿಸುವುದು ಯಾವ ಲೆಕ್ಕ? ಪಾಲು ಕೇಳದ ಅಣ್ಣ-ತಮ್ಮಂದಿರೂ ಕೆಳಗೊಂದು ಮೇಲೊಂದು ಮೀಟರು ಕೂರಿಸಿದರೆ ಇನ್ನೂರು ನಾನೂರಾಗುತ್ತದೆಂದು ಕಟ್ಟೆಯ ಮೇಲೆ ಕೂತು ಗುಣಾಕಾರ ಹಾಕಿದರು. ಹೊಸ ಮೀಟರಿಗೆ ಹಳೆಯ ಸರಾಸರಿ ಎಲ್ಲಿಂದ ಬರಬೇಕು? ರಾಜ್ಯದ ಸರಾಸರಿ 53, ಅದಕ್ಕೆ ಶೇಕಡಾ 10, ಒಟ್ಟು 58 ಯೂನಿಟ್ ಎಂದು ಗೊತ್ತಾದ ಮೇಲೆ ಒಗ್ಗಟ್ಟು ಮರಳಿತು.

ಚನ್ನಗಿರಿ ಕಡೆಯದು ಇನ್ನೂ ದೊಡ್ಡ ಸಂಸಾರ. ಅಡಿಕೆ ನಾಡು. ಮನೆಯಲ್ಲಿ ಗೌಡರು ಒಂದೊಂದೇ ಬಲ್ಬು ಆರಿಸಿಕೊಂಡು ಬಂದು, ಕೊನೆಗೆ ದೇವರಮನೆಯ ಝೀರೋ ಬಲ್ಬನ್ನೂ ಕೈಮುಗಿದು ಆರಿಸಿ ಮಲಗುತ್ತಾರೆ. ಅದೇ ಹೊತ್ತಿಗೆ ತೋಟದಲ್ಲಿ ತ್ರೀಫೇಸ್ ಬರುತ್ತದೆ. ಆಟೋ ಸ್ಟಾರ್ಟರು ಕಟಕ್ ಅನ್ನುತ್ತದೆ, ಏಳೂವರೆ ಎಚ್‌ಪಿ ಮೋಟರು ಗುಂಯ್ ಅಂತ ಏಳುತ್ತದೆ. ಗೌಡರಿಗೆ ಆ ಸದ್ದೇ ಜೋಗುಳ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಉಚಿತ, ಹಾಗಾಗಿ ಆರಿಸಲು ಎದ್ದು ಹೋಗುವ ಮಾತೇ ಇಲ್ಲ. ತಾಸಿಗೆ ಆರು ಯೂನಿಟ್ ಹಿಡಿಯಿರಿ, ಏಳು ತಾಸಿಗೆ ನಲವತ್ತರ ಮೇಲಾಯಿತು. ಗೌಡರು ಆರಿಸಿದ 9 ವಾಟ್‌ನ ಬಲ್ಬು ಅಷ್ಟು ಸುಡಬೇಕಾದರೆ ಆರು ತಿಂಗಳು ಕಣ್ಣು ಮುಚ್ಚದೆ ಉರಿಯಬೇಕಿತ್ತು. ಮನೆಯಲ್ಲಿ ಸಾಸಿವೆ ಡಬ್ಬಿಗೆ ಬೀಗ, ತೋಟದಲ್ಲಿ ಕಣಜದ ಬಾಗಿಲೇ ತೆಗೆದಿದೆ. ನಾನು ಇದನ್ನು ಅವರ ಎದುರಿಗೆ ಹೇಳುವುದಿಲ್ಲ. ಅಡಿಕೆ ರೇಟು ಬಿದ್ದ ದಿನವಂತೂ ಆ ಬೀದಿಯಲ್ಲೇ ಹಾಯುವುದಿಲ್ಲ.

ಇಲ್ಲಿಗೆ ಮಾತು ನೀರಿಗೆ ಬಂತು. ಬರಲೇಬೇಕಿತ್ತು. ನಮ್ಮ ಮನೆಗಳಲ್ಲಿ ನೀರಿನ ಬಿಲ್ಲು ಎಂದು ಬರುವುದು ನಲ್ಲಿಗಿಷ್ಟು ಎಂಬ ನಿಗದಿ ಕಂದಾಯ. ಕೊಡ ಹಿಡಿದರೂ ಅಷ್ಟೇ, ಕೆರೆ ಹಿಡಿದರೂ ಅಷ್ಟೇ. ಅದಕ್ಕೇ ನೀರಿಗೆ ದುಡ್ಡಿಲ್ಲ ಎಂದು ತಿಳಿದಿದ್ದೇವೆ. ಆ ದುಡ್ಡು ಕರೆಂಟ್ ಬಿಲ್ಲಿನೊಳಗೆ ಮುಸುಕು ಹಾಕಿಕೊಂಡು ಕೂತಿದೆ. ಸಂಪಿನಿಂದ ಟ್ಯಾಂಕಿಗೆ ಏರಿಸುವ ಅರ್ಧ ಎಚ್‌ಪಿ ಮೋಟರು ಎರಡು ತಾಸಿಗೆ ಯೂನಿಟ್ ಹತ್ತಿರ ತಿನ್ನುತ್ತದೆ. ಹಿತ್ತಲಿನ ಬೋರಿಗೆ ಇಳಿಸಿದ ಒಂದೂವರೆ ಎಚ್‌ಪಿಯದಕ್ಕೆ ಒಂದು ತಾಸೂ ಬೇಡ. ನೂರು ಅಡಿಯಿಂದ ಎತ್ತುತ್ತಿದ್ದ ಕೊಡವನ್ನೇ ಆರುನೂರು ಅಡಿಯಿಂದ ಎತ್ತಬೇಕಾದರೆ ಕರೆಂಟೂ ಆರು ಪಟ್ಟು ಬೇಕು. ಹಾಗೆ ಎತ್ತಿದ ನೀರು ಟ್ಯಾಂಕು ತುಂಬಿ, ಧೋ ಎಂದು ಬೀದಿಗೆ ಬೀಳುತ್ತಿದ್ದರೆ ಬೀದಿಯ ಎಂಟೂ ಮನೆಗೆ ಕೇಳುತ್ತದೆ, ಮೋಟರು ಹಾಕಿದ ಮನೆಗೆ ಮಾತ್ರ ಕೇಳುವುದಿಲ್ಲ. ಅಲ್ಲಿ ಧಾರಾವಾಹಿ ಬರುತ್ತಿರುತ್ತದೆ. "ಅಕ್ಕಾ, ನಿಮ್ಮ ಟ್ಯಾಂಕ್ ತುಂಬೈತಿ!" ಎಂದು ಕೂಗಿದರೆ, "ಹೂಂ, ಗೊತ್ತೈತಿ, ಅಡ್ವಟೈಸ್ ಬರ್ಲಿ" ಎಂಬ ಉತ್ತರ. ತುಂಬಿದ ಕೂಡಲೇ ಮೋಟರು ನಿಲ್ಲಿಸುವ ತೇಲುಚೆಂಡಿನ ಸ್ವಿಚ್ಚು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದನ್ನು ಹಾಕಿಸಿದರೆ ಬೀದಿಯಲ್ಲಿ ಮಾತುಕತೆಯೇ ನಿಂತುಹೋದೀತು.

ದಿನ ಬಿಟ್ಟು ದಿನ ನಲ್ಲಿ ಬರುವ ಊರುಗಳಲ್ಲಿ ಇನ್ನೊಂದು ಶಾಸ್ತ್ರವಿದೆ. ನೀರು ಬಂತು ಎಂಬ ಕೂಗು ಬಿದ್ದ ತಕ್ಷಣ ಡ್ರಮ್ಮು, ಕೊಡ, ಬಕೀಟು ಎಲ್ಲದರಲ್ಲಿದ್ದ ನೀರು ಚರಂಡಿ ಪಾಲು. ಮೊನ್ನೆ ಇದೇ ನಲ್ಲಿಯಲ್ಲಿ, ಇದೇ ಕೊಡದಲ್ಲಿ, ಪಕ್ಕದವಳ ಜೊತೆ ಜುಟ್ಟು ಹಿಡಿದಾಡಿ ತುಂಬಿಸಿದ್ದು ಎರಡೇ ದಿನದಲ್ಲಿ "ಹಳೇ ನೀರು" ಆಗಿರುತ್ತದೆ. ಹಳೇ ಉಪ್ಪಿನಕಾಯಿ ಬೇಕು, ಹಳೇ ಅಕ್ಕಿ ಬೇಕು, ನೀರು ಮಾತ್ರ ತಾಜಾ. ಅಂಗಳಕ್ಕೆ ಒಂದು ಚೊಂಬು ಸಗಣಿ ನೀರು ಚಳೆ ಹೊಡೆಯುತ್ತಿದ್ದ ಕೈಗೆ ಈಗ ಪೈಪು ಬಂದಿದೆ. ಹತ್ತು ನಿಮಿಷ ಪೈಪು ಬಿಟ್ಟು ಬೈಕು ತೊಳೆದರೆ ನೂರು ಲೀಟರ್ ಮೀರುತ್ತದೆ. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ಒಂದು ದಿನಕ್ಕೆ ಇಟ್ಟಿರುವ ಲೆಕ್ಕ 55 ಲೀಟರ್. ಅಂದರೆ ಮಗನ ಬೈಕು ಅಪ್ಪ-ಅಮ್ಮನ ಪಾಲನ್ನು ಬೆಳಿಗ್ಗೆಯೇ ಕುಡಿದು ನಿಂತಿರುತ್ತದೆ.

ಹೊನ್ನಾಳಿಯವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ. ಊರ ಮಗ್ಗುಲಲ್ಲೇ ತುಂಗಭದ್ರೆ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎನ್ನುವ ಗತ್ತು ಅವರಿಗೆ ಹುಟ್ಟಿನಿಂದ ಬಂದದ್ದು. ಮಳೆಗಾಲದಲ್ಲಿ ಹೊಳೆ ಮನೆ ಬಾಗಿಲಿಗೇ ಬಂದು ಲೆಕ್ಕ ಚುಕ್ತಾ ಮಾಡಿ ಹೋಗುತ್ತದೆ, ಬೇಸಿಗೆಯಲ್ಲಿ ಬಂಡೆಗಲ್ಲು ತೋರಿಸುತ್ತದೆ. ಚನ್ನಗಿರಿಯವರಿಗೆ ಶಾಂತಿಸಾಗರವಿದೆ, ನಮ್ಮ ಬಾಯಲ್ಲಿ ಸೂಳೆಕೆರೆ. ಅದರ ನೀರು ಚಿತ್ರದುರ್ಗದವರೆಗೂ ಕುಡಿಯಲು ಹೋಗುತ್ತದೆ. 2023-24ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಅಂಥ ಕೆರೆಯ ಸೀಮೆಯಲ್ಲೂ ಅಡಿಕೆ ಮರ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆದರು. ರಾತ್ರಿಯಿಡೀ ಬಿಟ್ಟಿ ಕರೆಂಟಿನಲ್ಲಿ ಎತ್ತಿದ ನೀರನ್ನು ಹಗಲು ದುಡ್ಡು ಕೊಟ್ಟು ತರಬೇಕಾಯಿತು.

ನೀರಿನ ಬೆಲೆ ಬಾಯಿಪಾಠ ಇರುವುದು ಜಗಳೂರಿನವರಿಗೆ. ಅಲ್ಲಿ ಬೋರು ಕೊರೆಸುವುದು ಲಾಟರಿ, ಸಿಕ್ಕ ನೀರಿನಲ್ಲೂ ಫ್ಲೋರೈಡ್ ಕಾಟ. ಅವರ 57 ಕೆರೆಗಳಿಗೆ ಹರಿಹರ ತಾಲ್ಲೂಕಿನ ದೀಟೂರಿನ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದರು, ಸಿರಿಗೆರೆಯ ಸ್ವಾಮಿಗಳು ಬೆನ್ನು ಹತ್ತಿದರು. ಅಷ್ಟು ದೂರದಿಂದ ನೀರು ಏರಿ ಬರುವುದೂ ಕರೆಂಟಿನ ಹೆಗಲ ಮೇಲೇ. ಇನ್ನೊಂದು ಕಡೆ, ಸಾವಿರ ಚದರಡಿಯ ಆರ್‌ಸಿಸಿ ಮಾಳಿಗೆಯ ಮೇಲೆ ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಬಿದ್ದರೂ 46 ಸಾವಿರ ಲೀಟರ್ ಆಗುತ್ತದೆ. ಆವಿ, ಸೋರಿಕೆ ಕಳೆದು 35 ಸಾವಿರ ಹಿಡಿದರೂ ಒಂದು ಯೂನಿಟ್ಟೂ ಸುಡದೆ, ಫ್ಲೋರೈಡ್ ಇಲ್ಲದೆ ತಾನೇ ಮೇಲಿನಿಂದ ಇಳಿದು ಬರುವ ನೀರು ಅದು. ನಾವು ಅದಕ್ಕೊಂದು ಪೈಪು ಕೂಡಿಸಿ ನೇರ ಚರಂಡಿಗೆ ಬಿಟ್ಟು, ಮನೆಯೊಳಗೆ ನೀರು ಸೋಸುವ ಆರ್‌ಒ ಯಂತ್ರ ತರಿಸುತ್ತೇವೆ. ಆ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಉಗುಳುತ್ತದೆ. ಉಗುಳಿದ್ದನ್ನು ಬಕೀಟಿಗೆ ಹಿಡಿದು ನೆಲ ಒರೆಸುವವಳು, ಕಕ್ಕಸಿಗೆ ಹಾಕುವವಳು ಬೀದಿಗೊಬ್ಬಳು ಇದ್ದೇ ಇರುತ್ತಾಳೆ. ಅವಳನ್ನು ನಾವು ಜುಗ್ಗಿ ಅನ್ನುತ್ತೇವೆ.

ಬಿಸಿನೀರಿನ ವಿಷಯದಲ್ಲಿ ಮಾತ್ರ ಹಿಂದಿನವರನ್ನು ಹೊಗಳಲು ನನಗೆ ಮನಸ್ಸಿಲ್ಲ. ಮೆಕ್ಕೆಜೋಳದ ಬೆಂಡು, ಅಡಿಕೆ ಸಿಪ್ಪೆ ಒಟ್ಟಿ ಹಂಡೆ ಕಾಯಿಸುತ್ತಿದ್ದ ಕಾಲ ಎಷ್ಟು ಚೆಂದ, ಒಂದು ಪೈಸೆ ಖರ್ಚಿಲ್ಲ ಎನ್ನುವವರು ಸಾಮಾನ್ಯವಾಗಿ ಗಂಡಸರು. ನಸುಕಿನಲ್ಲೆದ್ದು ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ಸುರಿಸಿದವಳನ್ನು ಕೇಳಿದರೆ ಬೇರೆ ಲೆಕ್ಕ ಬರುತ್ತದೆ. ಮಾಳಿಗೆಯ ಮೇಲೊಂದು ಸೋಲಾರ್ ಹೀಟರು ಕೂತರೆ ಗೀಸರೂ ಬೇಡ, ಹೊಗೆಯೂ ಬೇಡ. ನಮ್ಮ ಬಿಸಿಲು ಯಾವ ಜಿಲ್ಲೆಗೂ ಕಡಿಮೆಯಲ್ಲ. ಮನೆ ಮೇಲೆ ಸೌರ ಫಲಕ ಹಾಕಲು 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. ಆದರೆ ಬಿಲ್ಲೇ ಸೊನ್ನೆ ಬರುವಾಗ ಸೂರ್ಯನಿಗೆ ಯಾಕೆ ತೊಂದರೆ ಕೊಡುವುದು ಎಂಬುದು ನಮ್ಮ ವಾದ.

ನಮ್ಮ ಬೀದಿಯ ದೊಡ್ಡಮ್ಮ ಒಬ್ಬರು ಇಷ್ಟನ್ನೂ ಎಲ್ಲೋ ಕೇಳಿ, ಮನಸ್ಸು ಮಾಡಿ, ಒಂದೊಂದಾಗಿ ಮಾಡಿಯೇ ಬಿಟ್ಟರು. ಟ್ಯಾಂಕಿಗೆ ತೇಲುಚೆಂಡು ಬಂತು. ಪ್ರತಿ ಸಲ ನೀರು ಕಡಿಮೆ ಹೋಗಲೆಂದು ಫ್ಲಶ್ ಡಬ್ಬಿಯೊಳಗೆ ನೀರು ತುಂಬಿದ ಬಾಟಲಿ ಕೂತಿತು. ಹಳೇ ಫ್ಯಾನು ಗುಜರಿಗೆ ಹೋಯಿತು, ಟಿವಿ ಗೋಡೆಯ ಸ್ವಿಚ್ಚಿನಲ್ಲೇ ಆರತೊಡಗಿತು. ಮೀಟರ್ ಓದುವ ಹುಡುಗ ಬಂದ ದಿನ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದರು.

"ಎಷ್ಟು ಬಂತಪಾ?"

"ಸೊನ್ನೆ ದೊಡ್ಡಮ್ಮ."

"ಹೋದ ತಿಂಗಳೂ ಸೊನ್ನೆನೇ ಇತ್ತಲ್ಲೋ. ಇಷ್ಟೆಲ್ಲ ಮಾಡೀನಿ, ಅದಕ್ಕಿಂತ ಒಂದ್ರೂಪಾಯಿನೂ ಇಳೀಲಿಲ್ವಾ? ಇನ್ನೊಂದ್ಸಲ ಸರಿಯಾಗಿ ನೋಡು."